ಆರನೇ ಕೆಲಸದ ದಿನ

ಬೊಳ್ಳಾರಮೂಲೆ, ಕುಂಬಳೆ
ಜೂನ್ ೩೦, ೨೦೨೫, ಸೋಮವಾರ

ಪೂಜ್ಯ ಹಿಲ್ಡಾ ಟೀಚರ್ ಅವರಿಗೆ,

ಇಂದು ಜೂನ್ ಮೂವತ್ತು. ಈ ಪತ್ರದ ಉದ್ದೇಶ ಒಂದೇ: ಜುಲೈ ಹತ್ತೊಂಬತ್ತರಂದು ನಡೆಯುವ ನಮ್ಮ ಶಾಲೆಯ ಪಿ.ಟಿ.ಎ. ಮಹಾಸಭೆಯಲ್ಲಿ ಓದುವುದಕ್ಕಾಗಿ, ನಿಮ್ಮ ಕೈಬರಹದಲ್ಲಿ, ನನ್ನ ಬಗ್ಗೆ ನಾಲ್ಕು ಸಾಲು ಬರೆದು ಕಳುಹಿಸಬೇಕೆಂದು ಕೇಳಿಕೊಳ್ಳುವುದು. ನಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಿದ್ದೇನೆ.

ನಿಮಗೆ ಈಗ ಫೋನಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಹೆಡ್‌ಮಾಸ್ಟರ್ ಮಹಾಗಣಪತಿ ಮಾಸ್ಟ್ರು ಹೇಳಿ, ಮಡಗಾಂವಿನ ಈ ವಿಳಾಸ ಕೊಟ್ಟರು. ನೀವು ನಿವೃತ್ತರಾಗಿ ಆರು ವರ್ಷ ಕಳೆದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು; ಅದೂ ಒಂದು ಕೆಲಸದ ಸಲುವಾಗಿ. ಇದಕ್ಕೆ ಸಮಜಾಯಿಷಿ ನನ್ನ ಬಳಿ ಇಲ್ಲ.

ಮದುವೆಯಾಗದವಳು ರಕ್ಷಕರ ಸಾಲಿನಲ್ಲಿ ಹೇಗೆ ಬಂದಳು ಎಂದು ನೀವು ಕೇಳಬಹುದು. ಅಣ್ಣ ಜಿತೇಂದ್ರನೂ ಅತ್ತಿಗೆಯೂ ಶಾರ್ಜಾದಲ್ಲಿದ್ದಾರೆ. ಅವರ ಮಗಳು ಪೂಜಾಶ್ರೀ ಹೋದ ವರ್ಷದಿಂದ ನಮ್ಮ ಮನೆಯಲ್ಲಿದ್ದು, ಈಗ ನಮ್ಮ ಶಾಲೆಯ ಐದನೇ ಕನ್ನಡದಲ್ಲಿ ಕಲಿಯುತ್ತಾಳೆ. ದಾಖಲಾತಿ ಪುಸ್ತಕದಲ್ಲಿ ರಕ್ಷಕರ ಹೆಸರಿನ ಜಾಗದಲ್ಲಿ ಇರುವುದು ನನ್ನ ಹೆಸರು.

ಎದುರಿಗೆ ನಿಲ್ಲುವವರು ಮಹಾಬಲಣ್ಣ. ಕುಂಬಳೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇರುವ, ನಿಮ್ಮ ಕಾಲದಲ್ಲೇ ತರಗತಿಗಳಿಗೆ ಫ್ಯಾನು ಹಾಕಿಸಿಕೊಟ್ಟ ಮಹಾಬಲಣ್ಣ. ಎಂಟು ವರ್ಷಗಳಿಂದ ಅವರೇ ಅಧ್ಯಕ್ಷರು. ಈ ಸಲ ಅವರು ಒಂದು ನಿರ್ಣಯ ತರಲಿದ್ದಾರೆ: ಆರು ಮತ್ತು ಏಳನೇ ತರಗತಿಗಳ ಕನ್ನಡ ಡಿವಿಷನ್ ಮುಚ್ಚಿ ಇಂಗ್ಲಿಷ್ ಮಾಧ್ಯಮ ಮಾಡಬೇಕೆಂದು. ಅವರ ವಾದ ನಿಮಗೆ ಹೊಸದಲ್ಲ. "ಪ್ರತಿ ಜೂನಿನಲ್ಲಿ ಆರನೇ ಕೆಲಸದ ದಿನ ಬಂತೆಂದರೆ ನಮಗೆ ಜ್ವರ. ಆ ದಿನ ಕ್ಲಾಸಿನಲ್ಲಿ ಎಷ್ಟು ತಲೆ ಉಂಟೋ ಅಷ್ಟೇ ಸರಕಾರದ ಲೆಕ್ಕ. ಹದಿನೈದಕ್ಕೆ ಒಂದು ಕಡಿಮೆಯಾದ್ರೆ ಡಿವಿಷನೂ ಇಲ್ಲ, ಮಾಸ್ಟ್ರೂ ಇಲ್ಲ. ಇಂಗ್ಲಿಷ್ ಮಾಡಿದ್ರೆ ಮಕ್ಕಳು ತಾವಾಗಿ ಬರ್ತಾರೆ ಮಾರಾಯ್ತಿ," ಎಂದು ಅಂಗಡಿಯ ಕಟ್ಟೆಯಲ್ಲಿ ಕೂತು ನನಗೇ ಹೇಳಿದರು.

ಗಣಿತದ ಬಿ.ಎಸ್ಸಿ.ಯಲ್ಲಿ ನಾನು ಮೊದಲಿಗಳು, ಬಿ.ಎಡ್.ನಲ್ಲೂ ಮೊದಲಿಗಳು. ಎರಡಕ್ಕೂ ಅಡಿಪಾಯ ಆ ಕನ್ನಡ ಡಿವಿಷನ್. ಇದನ್ನು ನಾನು ಹೇಳಿದಾಗ ಊರಿನವರು ಅಹಂಕಾರವೆನ್ನುತ್ತಾರೆ. ಇರಬಹುದು. ಆದರೆ ಅಂಕಪಟ್ಟಿಗಳನ್ನು ನಾನು ಬರೆದದ್ದಲ್ಲ. ನೀವು ಹೇಳಿದರೆ ಯಾರೂ ಹಾಗೆನ್ನಲಾರರು. ಆ ಸಭೆಯಲ್ಲಿ ಅರ್ಧದಷ್ಟು ಮಂದಿ ನಿಮ್ಮ ಶಿಷ್ಯರು.

ನಾನು ಸೋತದ್ದು ಒಂದೇ ಪರೀಕ್ಷೆಯಲ್ಲಿ, ಐದನೇ ತರಗತಿಯಲ್ಲಿ ಬರೆದ ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ. ಅದನ್ನು ನಾನು ಯಾರೊಡನೆಯೂ ಆಡುವುದಿಲ್ಲ. ಅಂದು ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೋದವರು ನೀವಾದ್ದರಿಂದ ಬರೆದೆ.

ಉತ್ತರ ಹದಿನೈದರ ಒಳಗೆ ತಲುಪಿದರೆ ಅನುಕೂಲ.

ನಿಮ್ಮ ವಿದ್ಯಾರ್ಥಿನಿ,
ಅಶ್ಮಿತಾ

*

ಮಡಗಾಂವ್
ಜುಲೈ ೯, ೨೦೨೫

ಪ್ರೀತಿಯ ಅಶ್ಮಿತಾ,

ನಿನ್ನ ಕಾಗದ ಬಂತು. ಮೊದಲು ಅಕ್ಷರ ನೋಡಿದೆ, ಆಮೇಲೆ ವಿಷಯ. ತಂಗಿ ಆನ್ಸಿಲ್ಲಾ ನನ್ನ ಕಿವಿಯ ಹತ್ತಿರ ಬಂದು, "ಎಂತದು, ಲಾಟರಿ ಹೊಡೆದವರ ಹಾಗೆ ನಗ್ತೀ?" ಎಂದು ಕಿರುಚಿದಳು. ಕನ್ನಡದಲ್ಲಿ ಬರೆದ ಒಂದು ಹಾಳೆ ಈ ಮನೆಗೆ ಬಂದು ಎಷ್ಟು ಸಮಯವಾಯಿತು ಎಂದು ಅವಳಿಗೆ ಹೇಗೆ ತಿಳಿಸಲಿ? ಇಲ್ಲಿ ಇಗರ್ಜಿಯಲ್ಲಿ ಹಾಡುವುದು ನಮ್ಮದೇ ಕೊಂಕಣಿ. ಆದರೆ ಪುಸ್ತಕ ರೋಮನ್ ಅಕ್ಷರದ್ದು. ನಾನು ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಅವರು ಮುಂದಿನ ಪದ್ಯಕ್ಕೆ ಹೋಗಿರುತ್ತಾರೆ. ಕನ್ನಡ ಅಕ್ಷರದಲ್ಲಿ ಅಚ್ಚಾದ ನನ್ನ ಹಳೆಯ ಪ್ರಾರ್ಥನಾ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಮನೆಯೆದುರು ಶಾಲೆಯ ವ್ಯಾನ್ ನಿಲ್ಲುತ್ತದೆ. ಹತ್ತುವ ಮಕ್ಕಳನ್ನು ನಾನು ಎಣಿಸುತ್ತೇನೆ. ಹನ್ನೊಂದು. ಒಂದು ಕಡಿಮೆಯಾದ ದಿನ ನನಗೆ ತಿಂಡಿ ಸೇರುವುದಿಲ್ಲ. ಯಾರ ಮಕ್ಕಳೋ, ಯಾವ ಶಾಲೆಯೋ. ಮೂವತ್ತೊಂದು ವರ್ಷದ ಅಭ್ಯಾಸ.

ನಮ್ಮ ಬಾವಿಯ ಹತ್ತಿರದ ನೇರಳೆ ಮರ ಉಂಟಾ? ಮಕ್ಕಳು ಈಗಲೂ ನಾಲಗೆ ನೀಲಿ ಮಾಡಿಕೊಂಡು ಬಂದು "ನಾವು ತಿನ್ನಲಿಲ್ಲ ಟೀಚರ್" ಎನ್ನುತ್ತಾರಾ? ಈ ವರ್ಷ ಆರನೇ ಕನ್ನಡದಲ್ಲಿ ಎಷ್ಟು ಮಂದಿ? ಅದನ್ನು ಮರೆಯದೆ ಬರೆ.

ನೀನು ಕೇಳಿದ ನಾಲ್ಕು ಸಾಲಿನ ಬಗ್ಗೆ ಹೇಳುವುದಾದರೆ, ಊರು ಬಿಟ್ಟವಳ ಮಾತು ಆ ಸಭೆಗೆ ಯಾಕೆ? ನಿನ್ನ ಮಾತೇ ಸಾಕು. ನನ್ನ ಕಾಗದ ಬೇಡ.

ಅಮ್ಮ ಮನೋರಮಾ ಅವರಿಗೆ ನನ್ನ ನಮಸ್ಕಾರ ತಿಳಿಸು.

ಹಿಲ್ಡಾ ಟೀಚರ್

*

ಬೊಳ್ಳಾರಮೂಲೆ
ಜುಲೈ ೧೫, ೨೦೨೫

ಪೂಜ್ಯ ಟೀಚರ್,

ನಿಮ್ಮ ಪತ್ರ ತಲುಪಿತು. ಆರನೇ ಕನ್ನಡದಲ್ಲಿ ಈ ವರ್ಷ ಹದಿನೇಳು ಮಂದಿ. ನೇರಳೆ ಮರ ಇದೆ.

ನಾನು ಕೇಳಿದ್ದು ನಾಲ್ಕು ಸಾಲು. ನೀವು ಮರದ ಬಗ್ಗೆ ಬರೆದಿರಿ, ವ್ಯಾನಿನ ಬಗ್ಗೆ ಬರೆದಿರಿ, ನಾನು ಕೇಳಿದ್ದರ ಬಗ್ಗೆ ಬರೆದದ್ದು ಮೂರು ಚಿಕ್ಕ ವಾಕ್ಯ. ಅದರ ಅರ್ಥ ನನಗೆ ಆಗದೆ ಇಲ್ಲ. ಹನ್ನೆರಡು ವರ್ಷಗಳ ಹಿಂದೆ ಒಂದು ಪರೀಕ್ಷೆಯಲ್ಲಿ ನಾನು ನಿಮ್ಮ ಮಾನ ಉಳಿಸಲಿಲ್ಲ. ಫಲಿತಾಂಶ ಬರಬೇಕಾಗಿದ್ದ ಆ ಬೇಸಿಗೆಯ ನಂತರ ನೀವು ನನ್ನ ಮುಖವನ್ನು ನೇರವಾಗಿ ನೋಡಿದ್ದು ಕಡಿಮೆ. ಆಗ ನಾನು ಸಣ್ಣವಳು, ಆದರೂ ಗಮನಿಸಿದ್ದೆ. ಆಮೇಲೆ ತೆಗೆದ ಪ್ರತಿಯೊಂದು ಅಂಕವನ್ನೂ ನೀವು ನೋಡಲೆಂದೇ ತೆಗೆದೆ. ನೀವು ಇನ್ನೂ ಆ ಒಂದನ್ನೇ ನೋಡುತ್ತಿದ್ದೀರಿ.

ಶನಿವಾರದ ಸಭೆಯಲ್ಲಿ ನಾನು ಒಬ್ಬಳೇ ಮಾತಾಡುತ್ತೇನೆ. ಇದು ದೂರು ಅಲ್ಲ, ಮಾಹಿತಿ.

ಅಶ್ಮಿತಾ

*

ಬೊಳ್ಳಾರಮೂಲೆ
ಜುಲೈ ೨೦, ೨೦೨೫, ಭಾನುವಾರ

ಪೂಜ್ಯ ಟೀಚರ್,

ಹಿಂದಿನ ಪತ್ರಕ್ಕೆ ನಿಮ್ಮ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಗೆದ್ದೆ. ಐವತ್ತೆಂಟು, ಐವತ್ತೈದು. ಈ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಬೇರೆ ಯಾರೂ ಹೊಳೆಯಲಿಲ್ಲ.

ನಮ್ಮಲ್ಲಿ ಅಧ್ಯಕ್ಷರ ಆಯ್ಕೆಗೆ ಓಟು ನಡೆದದ್ದೇ ಇಲ್ಲವೆಂದು ನಿಮಗೆ ಗೊತ್ತು. ಯಾರೋ ಒಂದು ಹೆಸರು ಸೂಚಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಅವಲಕ್ಕಿ ತಿಂದು ಹೋಗುತ್ತಾರೆ. ನಿನ್ನೆ ಎರಡು ಹೆಸರು ಬಂದಾಗ ಮಹಾಗಣಪತಿ ಮಾಸ್ಟ್ರು ಬೆವರಿದರು. ಚೀಟಿ ಹಾಕಲು ಪೆಟ್ಟಿಗೆ ಇರಲಿಲ್ಲ. ಕೊನೆಗೆ ಅಡುಗೆಯ ಪ್ರೇಮಾವತಿಯಕ್ಕ ಗಂಜಿಯ ಅಲ್ಯುಮಿನಿಯಂ ಪಾತ್ರೆಯೊಂದನ್ನು ತೊಳೆದು ತಂದಿಟ್ಟರು.

ಮಹಾಬಲಣ್ಣ ಮೊದಲು ಮಾತಾಡಿದರು. "ಅಶ್ಮಿತಾ ನಮ್ಮೂರಿನ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಕನ್ನಡದಲ್ಲಿ ಕಲಿತು ಫಸ್ಟ್ ಬಂದಳು. ನನ್ನ ದೊಡ್ಡ ಮಗಳೂ ಇದೇ ಬೆಂಚಿನಲ್ಲಿ ಕೂತು ಕಲಿತದ್ದು. ಕಾಸರಗೋಡಿಗೆ ಕಾಲೇಜಿಗೆ ಹೋಗಿ ಮೂರು ತಿಂಗಳು ದಿನಾ ಕಣ್ಣೀರಿಟ್ಟು ಕೂಗಿಕೊಂಡು ಬಂದಳು. ಅಪ್ಪಾ, ಅವರು ಹೇಳುದು ಎಂತದೂ ಗೊತ್ತಾಗುದಿಲ್ಲ ಅಂತ. ಎಲ್ಲ ಮಕ್ಕಳಿಗೂ ಅಶ್ಮಿತಾ ಆಗ್ಲಿಕ್ಕೆ ಉಂಟಾ?"

"ಒಂದೇ ಸಾಕು ಮಾರಾಯ್ರೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಇನ್ನೊಂದು ದನಿ, "ಸ್ವಂತ ಮಕ್ಕಳಿಲ್ಲದವಳಿಗೆ ಇಲ್ಲಿ ಎಂತ ಕೆಲಸ?" ಎಂದಿತು.

ನಾನು ಎದ್ದು ನಿಲ್ಲುವ ಮೊದಲೇ ಪ್ರೇಮಾವತಿಯಕ್ಕ ಅಡುಗೆಕೋಣೆಯ ಬಾಗಿಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಮಕ್ಕಳಿದ್ದವರ ಕೆಲಸ ನಾನು ನೋಡಿದ್ದೇನೆ. ಹೋದ ವರ್ಷ ಸಭೆಗೆ ಮಾಡಿದ ಅವಲಕ್ಕಿಯನ್ನು ಕೊನೆಗೆ ದನಕ್ಕೆ ಹಾಕಿದ್ದು. ಈ ಸಲ ನನಗೇ ಒಂದು ಮುಷ್ಟಿ ಉಳಿಯಲಿಲ್ಲ. ನೀವೆಲ್ಲ ಯಾರು ಮನೆಮನೆಗೆ ಬಂದು ಕರೆದದ್ದಕ್ಕೆ ಬಂದ್ರಿ, ಹೇಳಿ ನೋಡುವ?" ಅವರ ಮೊಮ್ಮಗಳು ಪೂಜಾಶ್ರೀಯ ಪಕ್ಕದ ಬೆಂಚಿನವಳು.

ಮಹಾಬಲಣ್ಣ ತಮ್ಮ ಮಗಳ ಬಗ್ಗೆ ಹೇಳಿದ್ದು ಸುಳ್ಳಲ್ಲ ಎಂದು ಮೊದಲೇ ಒಪ್ಪಿಕೊಂಡೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸೋಣ, ಶನಿವಾರಗಳಲ್ಲಿ ಆ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತೇನೆ, ಕನ್ನಡವನ್ನು ಮುಚ್ಚುವುದು ಬೇಡ ಎಂದೆ. ಮೂರು ಓಟಿನಿಂದ ಒಪ್ಪಿದರು. ಚೀಟಿ ಎಣಿಸಿ ಆದ ಮೇಲೆ ಮಹಾಬಲಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗೆದ್ದೆ ನೀನು. ಜೂನ್ ಬರ್ಲಿ. ತಲೆ ಎಣಿಸುವಾಗ ಓಟು ಲೆಕ್ಕಕ್ಕೆ ಬರುದಿಲ್ಲ."

ನಾನು ಹೇಗೆ ಮಾತಾಡಿದೆ ಎಂದು ನೀವು ನೋಡಬೇಕಿತ್ತು.

ಅಶ್ಮಿತಾ

*

ಮಡಗಾಂವ್
ಆಗಸ್ಟ್ ೨, ೨೦೨೫

ಅಶ್ಮಿತಾ,

ನಿನ್ನ ಎರಡು ಕಾಗದವೂ ಮೇಜಿನ ಮೇಲೆ ಇವೆ. ಮೊದಲನೆಯದಕ್ಕೆ ಉತ್ತರ ಬರೆದು ಮೂರು ಸಲ ಹರಿದೆ. ಗೆದ್ದ ಸುದ್ದಿ ಬಂದ ಮೇಲೆ, ಇನ್ನು ಸುಮ್ಮನಿದ್ದರೆ ಅದು ಎರಡನೇ ಸಲ ಮಾಡಿದ ಹಾಗೆ ಎಂದು ಕೂತಿದ್ದೇನೆ.

ನೀನು ಆ ಪರೀಕ್ಷೆಯಲ್ಲಿ ಸೋತಿರಲಿಲ್ಲ.

೨೦೧೩ನೇ ಇಸವಿ. ಹೆಡ್‌ಮಾಸ್ಟರು ನಿವೃತ್ತರಾಗಿ ಹೊಸಬರು ಬಂದಿರಲಿಲ್ಲ, ಚಾರ್ಜು ನನ್ನ ಕೈಯಲ್ಲಿತ್ತು. ಮೊದಲ ಪಟ್ಟಿಯಲ್ಲಿ ನಿನ್ನ ಹೆಸರು ಇರಲಿಲ್ಲ. ಮೇ ಕೊನೆಗೆ ಎರಡನೇ ಪಟ್ಟಿ ಶಾಲೆಗೆ ಬಂತು, ಅದರಲ್ಲಿ ಇತ್ತು. ಹತ್ತು ದಿನದೊಳಗೆ ಟಿ.ಸಿ. ತೆಗೆದುಕೊಂಡು ಹೋಗಿ ಸೇರಬೇಕಿತ್ತು. ಆ ವರ್ಷ ಆರನೇ ಕನ್ನಡದಲ್ಲಿ ನಿನ್ನನ್ನು ಸೇರಿಸಿ ಹದಿನೈದು. ನಿನ್ನನ್ನು ಬಿಟ್ಟರೆ ಆರನೇ ಕೆಲಸದ ದಿನ ಡಿವಿಷನ್ ಹೋಗುತ್ತಿತ್ತು.

ಕಾಗದವನ್ನು ಬೀರುವಿನಲ್ಲಿಟ್ಟೆ. ಎಣಿಕೆ ಮುಗಿದ ಮೇಲೆ ಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಎಣಿಕೆ ಮುಗಿಯುವಾಗ ಸೇರುವ ತಾರೀಕು ಮೀರಿತ್ತು. ಮೀರುತ್ತದೆ ಎಂದು ನನಗೆ ಇಟ್ಟ ದಿನವೇ ಗೊತ್ತಿತ್ತು. ಶಾಲೆ ತೆರೆದ ಆ ವಾರವಿಡೀ ನೀನು ತರಗತಿಯ ಕಿಟಕಿಯ ಬದಿ ಕೂತು ಅಂಚೆಯವರು ಬರುವ ದಾರಿ ನೋಡುತ್ತಿದ್ದೆ. ನಾನು ಕಪ್ಪುಹಲಗೆಯ ಕಡೆ ತಿರುಗಿ ಪಾಠ ಮಾಡಿದೆ. ನಿನ್ನ ಮುಖ ನೋಡಲಿಲ್ಲ ಎಂದು ಬರೆದಿದ್ದೀ. ಹೌದು, ನೋಡಲಿಲ್ಲ.

ನೀನು ಕೇಳಿದ ನಾಲ್ಕು ಸಾಲು ಬರೆಯಲು ಕೂತಾಗಲೆಲ್ಲ ಐದನೇ ಸಾಲು ಇದೇ ಆಗುತ್ತಿತ್ತು.

ಆ ಕಾಗದ ಇದರೊಂದಿಗೆ ಉಂಟು. ಇಷ್ಟು ವರ್ಷ ನನ್ನ ಪ್ರಾರ್ಥನಾ ಪುಸ್ತಕದೊಳಗೆ ಇತ್ತು. ಅದು ನಿನ್ನದು.

ಹಿಲ್ಡಾ

*

ಮಡಗಾಂವ್
ಡಿಸೆಂಬರ್ ೧೮, ೨೦೨೫

ಅಶ್ಮಿತಾ,

ಕ್ರಿಸ್‌ಮಸ್ಸಿನ ಶುಭಾಶಯ, ನಿನಗೂ ಅಮ್ಮನಿಗೂ ಮಗುವಿಗೂ. ನೀನು ಬರೆಯಬೇಕೆಂದಿಲ್ಲ. ಹನ್ನೊಂದೂವರೆಗೆ ಅಂಚೆಯವರು ಗೇಟು ದಾಟಿ ಹೋಗುವುದನ್ನು ನೋಡಿದ ಮೇಲೆಯೇ ನಾನು ಸ್ನಾನಕ್ಕೆ ಹೋಗುತ್ತೇನೆ, ಅಷ್ಟೆ.

ಹಿಲ್ಡಾ

*

ಬೊಳ್ಳಾರಮೂಲೆ
ಫೆಬ್ರವರಿ ೧೬, ೨೦೨೬

ಹಿಲ್ಡಾ ಕ್ರಾಸ್ತಾ ಅವರಿಗೆ,

ಆಗಸ್ಟ್ ಎರಡರ ಪತ್ರವೂ ಡಿಸೆಂಬರಿನ ಕಾರ್ಡೂ ತಲುಪಿವೆ. ಲಗತ್ತೂ ತಲುಪಿದೆ. ನನ್ನ ಹೆಸರನ್ನು ಅದರಲ್ಲಿ ಸರಿಯಾಗಿ ಟೈಪು ಮಾಡಿದ್ದಾರೆ.

ಅಮ್ಮನಿಗೆ ತಿಳಿಸಿಲ್ಲ. ತಿಳಿಸಿದರೆ ಅವರು, ಆಗ ಆ ಶಾಲೆಗೆ ಬೇಕಾದ ಬಟ್ಟೆಬರೆ ತಂದಿಟ್ಟು ಆಮೇಲೆ ಬೇರೆಯವರಿಗೆ ಕೊಟ್ಟದ್ದನ್ನು ನೆನಪಿಸಿಕೊಳ್ಳುತ್ತಾರೆ.

ಪೂಜಾಶ್ರೀ ಅದೇ ಪರೀಕ್ಷೆಯನ್ನು ಬರೆದಿದ್ದಾಳೆ. ಅರ್ಜಿಯನ್ನು ನಾನೇ ತುಂಬಿಸಿದೆ, ವಿಳಾಸದ ಜಾಗದಲ್ಲಿ ಮನೆಯ ವಿಳಾಸವನ್ನು ಕೊಟ್ಟೆ.

ಒಂದು ಪ್ರಶ್ನೆ ಕೇಳುತ್ತೇನೆ. ನೀವು ಅದನ್ನು ಮಾಡಿದ್ದು ನಿಮ್ಮ ಹುದ್ದೆಗಾಗಿಯೇ? ಹೌದು ಅಥವಾ ಅಲ್ಲ ಎಂದು ಬರೆದರೆ ಸಾಕು.

ಅಶ್ಮಿತಾ

*

ಮಡಗಾಂವ್
ಫೆಬ್ರವರಿ ೨೫, ೨೦೨೬

ಅಶ್ಮಿತಾ,

ಹೌದು. ಡಿವಿಷನ್ ಹೋಗಿದ್ದರೆ ನನ್ನನ್ನು ಎಲ್ಲಿಗೆ ಹಾಕುತ್ತಿದ್ದರೋ, ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು.

ಅಲ್ಲ ಎಂದೂ ಬರೆಯಬೇಕಾಗಿದೆ. ಮೋಹಿನಿಯ ನೆನಪುಂಟಾ? ನಿನ್ನ ಹಿಂದಿನ ಬೆಂಚು. ಆರನೇ ಕನ್ನಡ ಬೇರೆ ಕಡೆ ಇದ್ದದ್ದು ಎರಡು ಬಸ್ಸು ಹತ್ತಿ ಹೋಗುವ ದೂರದಲ್ಲಿ. ಅವಳ ಅಪ್ಪ ಮೇ ತಿಂಗಳಲ್ಲೇ ಬಂದು ಹೇಳಿದ್ದರು, "ಇಲ್ಲಿ ಕ್ಲಾಸು ಇದ್ರೆ ಕಳಿಸ್ತೇನೆ ಟೀಚರ್, ಇಲ್ಲದಿದ್ರೆ ಮನೆಯಲ್ಲಿರ್ಲಿ, ಬೀಡಿ ಕಟ್ಟಿಕೊಂಡು" ಎಂದು. ಪ್ರವೀಣ್ ಕೂಡ ಹಾಗೆಯೇ. ನೀನು ಎಲ್ಲಿ ಹಾಕಿದರೂ ಬೆಳೆಯುವ ಮಗು. ಅವರು ಹಾಗಲ್ಲ. ಹೀಗೆ ಯೋಚಿಸಿದೆ.

ಇವೆರಡರಲ್ಲಿ ಯಾವುದು ಮೊದಲು ಬಂತು ಎಂದು ಕೇಳಬೇಡ. ಹದಿಮೂರು ವರ್ಷ ಹುಡುಕಿದ್ದೇನೆ, ನನಗೇ ಸಿಕ್ಕಿಲ್ಲ.

ನೀನು ಬರೆದದ್ದು ಸಂತೋಷ. ಹೆಸರು ಹಿಡಿದು ಬರೆದರೂ ಸಂತೋಷವೇ.

ಹಿಲ್ಡಾ

*

ಬೊಳ್ಳಾರಮೂಲೆ
ಮೇ ೨೪, ೨೦೨೬, ಭಾನುವಾರ

ಪೂಜ್ಯ ಟೀಚರ್,

ಮಾರ್ಚಿನಲ್ಲಿ ಅಮ್ಮನನ್ನು ಕಾಸರಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಿ.ಪಿ. ನೋಡಲು ಬಂದ ನರ್ಸು ಮೋಹಿನಿ. "ಅಶ್ಮಿತಾ ಅಲ್ವಾ? ಲೆಕ್ಕದಲ್ಲಿ ನನಗೆ ಒಂದು ಸಲವೂ ತೋರಿಸಿಕೊಡದವಳು!" ಎಂದು ವಾರ್ಡಿನ ನಡುವೆಯೇ ನಕ್ಕಳು. ಅಮ್ಮನಿಗೆ ಎರಡು ದಿಂಬು ಜಾಸ್ತಿ ತಂದುಕೊಟ್ಟಳು. ಅವಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ನೋಡುತ್ತಾ ನಿಂತೆ. ನಿಮ್ಮ ಮೇಲಿನ ಕೋಪವನ್ನು ಎಂಟು ತಿಂಗಳು ಜೋಪಾನ ಮಾಡಿದ್ದೆ. ಅವಳ ಎದುರು ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದಕ್ಕೂ ನಿಮ್ಮ ಮೇಲೆಯೇ ಕೋಪ ಬಂತು.

ಈಗ ವಿಷಯ. ಪೂಜಾಶ್ರೀಯ ಹೆಸರು ಎರಡನೇ ಪಟ್ಟಿಯಲ್ಲಿ ಬಂದಿದೆ. ಜೂನ್ ಐದರ ಸಂಜೆಯೊಳಗೆ ಟಿ.ಸಿ. ಸಮೇತ ಹಾಜರಾಗಬೇಕು. ತಪ್ಪಿದರೆ ಸೀಟು ಪಟ್ಟಿಯ ಮುಂದಿನ ಮಗುವಿಗೆ. ಶಾಲೆ ತೆರೆಯುವುದು ಒಂದಕ್ಕೆ. ಆರನೇ ಕೆಲಸದ ದಿನ ಬರುವುದು ಎಂಟಕ್ಕೆ. ಈ ವರ್ಷ ಆರನೇ ಕನ್ನಡದಲ್ಲಿ ಅವಳನ್ನು ಸೇರಿಸಿ ಹದಿನೈದು. ಹದಿನಾರನೆಯವರಿಗಾಗಿ ಎಪ್ರಿಲ್, ಮೇ ಎರಡು ತಿಂಗಳು ಮನೆಮನೆ ತಿರುಗಿದ್ದೇನೆ. ಸಿಕ್ಕಿಲ್ಲ.

ಮಹಾಗಣಪತಿ ಮಾಸ್ಟ್ರು ನಿನ್ನೆ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಚಹಾ ತಣ್ಣಗಾಗುವವರೆಗೆ ಮಳೆಯ ಮಾತು, ಅಡಿಕೆಯ ಮಾತು ಆಡಿದರು. ಕೊನೆಗೆ, "ಒತ್ತಾಯ ಇಲ್ಲಮ್ಮ. ರಕ್ಷಕರು ಅರ್ಜಿ ಕೊಟ್ರೆ ಟಿ.ಸಿ. ಕೊಡ್ಲೇಬೇಕು ನಾನು. ಅರ್ಜಿ ಯಾವಾಗ ಕೊಡ್ತೀ ಎನ್ನುದು ನಿನಗೆ ಬಿಟ್ಟದ್ದು" ಎಂದರು. ಅಣ್ಣನಿಗೆ ಫೋನ್ ಮಾಡಿದೆ. "ನಿನಗೆ ಸರಿ ಕಂಡ ಹಾಗೆ ಮಾಡು. ರಿಜಿಸ್ಟರಿನಲ್ಲಿ ಇರುದು ನಿನ್ನ ಹೆಸರಲ್ವಾ?" ಎಂದ.

ಪೂಜಾಶ್ರೀ ಮಾತ್ರ ಈ ಯಾವುದನ್ನೂ ಅರಿಯಳು. "ಮಾಮಿ, ಅಲ್ಲಿ ಮೇಲಿನ ಮಂಚ ಸಿಗ್ತದಾ?" ಎಂದು ಕೇಳಿದಳು.

"ಸಿಗಬಹುದು."

"ಬಿದ್ರೆ?"

"ಬೀಳುದಿಲ್ಲ. ಬದಿಗೆ ಕಂಬಿ ಇರ್ತದೆ."

ಆಮೇಲೆ, "ಮತ್ತೆ ನೀವು ಶನಿವಾರದ ಕ್ಲಾಸಿಗೆ ಎಂತ ಮಾಡ್ತೀರಿ? ನಾನಿಲ್ಲದೆ ಡಸ್ಟರು ಯಾರು ಹಿಡಿದುಕೊಳ್ಳುದು?" ಎಂದಳು.

ಬೆಳಿಗ್ಗೆ ಅವಳ ಜಡೆ ಹೆಣೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಆಟಕ್ಕೆ ಹೊತ್ತಾಯಿತೆಂದು ಅವಳೇ ಗದರುತ್ತಾಳೆ. ಎರಡು ವರ್ಷಗಳ ಹಿಂದೆ ಇವಳನ್ನು ಒಂದು ಸಂಖ್ಯೆಯೆಂದೂ, ನನಗೆ ಸಭೆಯಲ್ಲಿ ಕೂರುವ ಹಕ್ಕು ಕೊಡುವವಳೆಂದೂ ನಾನು ಎಣಿಸಿದ್ದೆ. ಅದನ್ನು ಇಲ್ಲಿ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ನಿಮಗೆ ಬರೆಯಬಹುದು.

ಸಲಹೆ ಕೇಳುತ್ತಿಲ್ಲ. ತಿಳಿಸಬೇಕೆನಿಸಿತು.

ಅಶ್ಮಿತಾ

*

ಮಡಗಾಂವ್ (ಸ್ಪೀಡ್ ಪೋಸ್ಟ್)
ಮೇ ೨೯, ೨೦೨೬

ನನ್ನ ಅಶ್ಮಿತಾ,

ಸಲಹೆ ಕೇಳಲಿಲ್ಲ ಎಂದು ಬರೆದಿದ್ದೀ. ಬೇಡುವುದು ಸಲಹೆಯಲ್ಲ, ಆದ್ದರಿಂದ ಬೇಡುತ್ತೇನೆ.

ಮೂರು ದಿನ. ಐದರಿಂದ ಎಂಟು. ಅಷ್ಟೇ. ಮಗುವಿಗೆ ಜ್ವರ ಎಂದು ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ತೆಗೆದು ವಸತಿ ಶಾಲೆಗೆ ಕಳುಹಿಸು. ಸಾಮಾನ್ಯವಾಗಿ ಅವರು ಮೂರು ನಾಲ್ಕು ದಿನ ಕಾಯುತ್ತಾರೆ. ಹಾಗೆ ಕಾದದ್ದನ್ನು ನಾನು ಕೇಳಿದ್ದೇನೆ. ಎಂಟಕ್ಕೆ ಎಣಿಕೆ ಮುಗಿದ ಕೂಡಲೇ ಟಿ.ಸಿ. ತೆಗೆ, ರಾತ್ರಿಯೊಳಗೆ ಅಲ್ಲಿ ಸೇರಿಸು. ಡಿವಿಷನ್ ಒಂದು ವರ್ಷ ಉಳಿಯುತ್ತದೆ. ಮುಂದಿನ ವರ್ಷಕ್ಕೆ ಮಕ್ಕಳನ್ನು ಹುಡುಕಲು ಹನ್ನೆರಡು ತಿಂಗಳು ಸಿಗುತ್ತದೆ. ನಾನು ನಿನ್ನಿಂದ ತೆಗೆದದ್ದು ಒಂದು ಶಾಲೆ. ಮಗುವಿನಿಂದ ತೆಗೆಯುವುದು ಮೂರು ದಿನ. ಎರಡೂ ಒಂದೇ ಅಲ್ಲ.

ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಮಗು ಹೋದರೆ ನೀನು ರಕ್ಷಕಳಲ್ಲ, ಅಧ್ಯಕ್ಷೆಯೂ ಅಲ್ಲ. ಜುಲೈಯಲ್ಲಿ ಮಹಾಬಲ ಮತ್ತೆ ಬರುತ್ತಾನೆ. ಉಳಿದ ಹದಿನಾಲ್ಕು ಮಂದಿಯಲ್ಲಿ ನಿನಗಾಗಿ ಸಭೆಯಲ್ಲಿ ಎದ್ದು ನಿಂತ ಪ್ರೇಮಾವತಿಯ ಮೊಮ್ಮಗಳೂ ಇದ್ದಾಳೆ. ಎರಡು ಬಸ್ಸಿನ ದೂರಕ್ಕೆ ಆ ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಅಜ್ಜಿ ಗಂಜಿ ಬೇಯಿಸುವುದು ಬಿಟ್ಟು?

ಪಶ್ಚಾತ್ತಾಪವಾಗಿದೆ ಎಂದು ನಾನು ಎಲ್ಲಿಯೂ ಬರೆದಿರಲಿಲ್ಲ. ನೀನು ಗಮನಿಸಿರುತ್ತೀ, ನೀನು ಎಲ್ಲವನ್ನೂ ಗಮನಿಸುವವಳು. ನಿನ್ನ ವಿಷಯದಲ್ಲಿ ಆಗಿದೆ, ಪ್ರತಿದಿನ. ಆದರೆ ಆ ತರಗತಿಯ ವಿಷಯದಲ್ಲಿ ನನಗೆ ಆಗಲಾರದು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ, ಆಡುವ ಭಾಷೆಯನ್ನು ಓದಲಿಕ್ಕೂ ಬಾರದ ಊರಿಗೆ ಬಂದು ಕೂತಿದ್ದೇನೆ. ಅಲ್ಲಿ ಬೊಳ್ಳಾರಮೂಲೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ, ಆರನೇ ತರಗತಿಯ ಮಕ್ಕಳು ಕನ್ನಡ ಪುಸ್ತಕ ತೆರೆಯುತ್ತಾರೆ ಎಂಬುದೊಂದೇ ನನಗಿರುವುದು. ಅದು ನಿಂತರೆ ನಾನು ಎಲ್ಲಿಗೆ ಮನಸ್ಸು ಕಳುಹಿಸಲಿ?

ಬರೇ ಮೂರು ದಿನ, ಮಗಳೇ.

ನಿನ್ನ ಹಿಲ್ಡಾ ಟೀಚರ್

*

ಬೊಳ್ಳಾರಮೂಲೆ
ಜೂನ್ ೨, ೨೦೨೬, ಮಂಗಳವಾರ

ಪೂಜ್ಯ ಹಿಲ್ಡಾ ಟೀಚರ್ ಅವರಿಗೆ,

ನಿಮ್ಮ ಪತ್ರ ಇಂದು ಬೆಳಿಗ್ಗೆ ತಲುಪಿತು. ಎರಡು ಸಲ ಓದಿದೆ. ನೀವು ಲೆಕ್ಕ ಹಾಕಿದ್ದರಲ್ಲಿ ತಪ್ಪಿಲ್ಲ.

ನಿನ್ನೆ ಶಾಲೆ ತೆರೆಯಿತು. ಹಾಜರಿ ಕರೆಯುವಾಗ ನಾನು ಆರನೇ ತರಗತಿಯ ಹೊರಗೆ ನಿಂತಿದ್ದೆ. ಹದಿನೈದು ಮಂದಿ "ಇದ್ದೇನೆ" ಎಂದರು. ಪೂಜಾಶ್ರೀ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಪ್ರೇಮಾವತಿಯಕ್ಕ ಅಡುಗೆಕೋಣೆಯಿಂದ ನನ್ನನ್ನು ಕರೆದು ಒಂದು ಲೋಟ ಬಿಸಿ ಗಂಜಿತಿಳಿ ಕೊಟ್ಟರು. "ಮಾಸ್ಟ್ರು ಹೇಳಿದ್ರು. ನನಗೆ ನೀನು ಎಂತದೂ ಹೇಳ್ಬೇಕು ಅಂತ ಇಲ್ಲ. ಕುಡಿ, ತಣಿಯುದು ಬೇಡ" ಎಂದರು. ಕುಡಿಯುವವರೆಗೆ ಅವರು ಬೇರೆ ಕಡೆ ನೋಡುತ್ತಿದ್ದರು.

ಸಂಜೆ ಮಹಾಬಲಣ್ಣ ಗೇಟಿನ ಬಳಿ ಬೈಕ್ ನಿಲ್ಲಿಸಿ, ಯಾವಾಗ ಹೋಗುವುದಾದರೂ ಕಾರು ಕಳುಹಿಸುತ್ತೇನೆ ಎಂದರು. ನಾನು ಹುಬ್ಬೇರಿಸಿದ್ದು ಕಂಡು, "ರಾಜಕೀಯ ಅಲ್ಲ ಮಾರಾಯ್ತಿ, ಬಸ್ಸಿನಲ್ಲಿ ಟ್ರಂಕು ಹತ್ತಿಸ್ಲಿಕ್ಕೆ ಕಷ್ಟ ಉಂಟು" ಎಂದು ಹೋದರು.

ನಿಮ್ಮ ಪತ್ರವನ್ನು ಮಡಚಿಟ್ಟ ಮೇಲೆ, ಮಡಗಾಂವಿಗೆ ರೈಲು ಎಷ್ಟು ಹೊತ್ತಿಗೆ ಎಂದು ನೋಡಿದೆ. ನಡುವೆ ಒಂದು ಕಡೆ ರೈಲು ಬದಲಿಸಿದರೆ ಒಂದೇ ದಿನದಲ್ಲಿ ತಲುಪಬಹುದು. ಒಂದು ದಿನ ನಿಮ್ಮ ಮನೆಯೆದುರು ಆ ವ್ಯಾನ್ ಬರುವ ಹೊತ್ತಿಗೆ ನಿಮ್ಮ ಪಕ್ಕ ನಿಂತು, ನಿಮ್ಮ ಕಿವಿಗೆ ಕೇಳುವ ಹಾಗೆ, ಊರಿನ ಮಾತಿನಲ್ಲಿ, ಏನಾದರೂ ಮಾತಾಡಬೇಕೆಂಬ ಆಸೆ ನನಗಿದೆ. ಇದನ್ನು ಬರೆಯದೆ ಇರುವಷ್ಟು ಹೆಮ್ಮೆ ನನ್ನಲ್ಲಿ ಇನ್ನು ಉಳಿದಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬಂದು ಉತ್ತರ ಹೇಳಬೇಕೆಂದು ಮಹಾಗಣಪತಿ ಮಾಸ್ಟ್ರು ಕೇಳಿದ್ದಾರೆ. ಅವರಿಗೆ ಹೇಳುವುದನ್ನೇ ನಿಮಗೂ ಬರೆಯುತ್ತೇನೆ.

ಟಿ.ಸಿ.ಯ ಅರ್ಜಿಯನ್ನು ನಾಳೆಯೇ ಕೊಡುತ್ತೇನೆ. ಮಗುವಿನ ಆ ಮೂರು ದಿನಗಳನ್ನು ನಾನು ಕೊಡುವುದಿಲ್ಲ.

ಅಶ್ಮಿತಾ